ದೋಣಿಯ ಚಳಿಗಾಲ

ಮೊಮ್ಮಗುವನ್ನು ನೋಡಿಕೊಳ್ಳಲೆಂದು 2022ರಲ್ಲಿ ನಾನು ಅಮೆರಿಕದ ಮಿನ್ನೆಸೋಟಕ್ಕೆ ಹೋಗಿದ್ದೆ. ಅದು ಸರೋವರಗಳ ನಾಡು. ಹತ್ತು ಎಕರೆಗೆ ಕಡಿಮೆಯಿಲ್ಲದವೇ 11,842 ಇವೆಯೆಂದು ಅಲ್ಲಿಯ ಸರ್ಕಾರದ ಲೆಕ್ಕ. ನಮ್ಮಲ್ಲಿ ಮನೆ ಮುಂದೆ ಸ್ಕೂಟರ್ ನಿಂತಿರುವಂತೆ ಅಲ್ಲಿ ಎಷ್ಟೋ ಮನೆಗಳ ಮುಂದೆ ಟ್ರೇಲರ್ ಮೇಲೊಂದು ದೋಣಿ. ನಮ್ಮ ಅಳಿಯಂದಿರೂ ಹಳೆಯದೊಂದು ಮೋಟಾರು ದೋಣಿ ಕೊಂಡಿದ್ದರು. ಸೇತುವೆ ಆಗುವ ಮುಂಚೆ ಸಿಗಂದೂರಿಗೆ ಲಾಂಚಿನಲ್ಲಿ ಹೋಗುವಾಗಲೇ ಕಣ್ಣು ಮುಚ್ಚಿ ಕೂರುತ್ತಿದ್ದ ನನಗೆ ಅದನ್ನು ಹತ್ತುವ ಧೈರ್ಯ ಬರಲಿಲ್ಲವೆನ್ನಿ.

ಆಯುಧಪೂಜೆ ಕಳೆದ ಶನಿವಾರ ಅಳಿಯಂದಿರು ಹಳೇ ಬಟ್ಟೆ ತೊಟ್ಟು ಬೆಳಿಗ್ಗೆಯೇ ಅಂಗಳಕ್ಕಿಳಿದರು. ದೋಣಿಗೆ ಹೂವು ಕುಂಕುಮ ಇಡುವುದಕ್ಕಲ್ಲ, ಚಳಿಗಾಲಕ್ಕೆಂದು ಅದನ್ನು ಮಲಗಿಸುವುದಕ್ಕೆ. ಇನ್ನೆರಡು ತಿಂಗಳಲ್ಲಿ ಸರೋವರವೇ ಕಲ್ಲಾಗುತ್ತದೆ; ಏಪ್ರಿಲ್ ತನಕ ದೋಣಿಗೆ ಕೆಲಸವಿಲ್ಲ. ಕೆಲಸವಿಲ್ಲದ ವಸ್ತುವಿಗೆ ಟಾರ್ಪಾಲು ಹೊದಿಸಿದರೆ ಮುಗಿಯಿತಲ್ಲ ಎಂದುಕೊಂಡು ನಾನು ಕಾಫಿ ಹಿಡಿದು ಮೆಟ್ಟಿಲ ಮೇಲೆ ಕುಳಿತೆ. ಅವರ ಕೆಲಸ ಸಂಜೆಯವರೆಗೂ ಮುಗಿಯಲಿಲ್ಲ.

ಟ್ಯಾಂಕಿನ ಪೆಟ್ರೋಲು ತಿಂಗಳುಗಟ್ಟಲೆ ನಿಂತರೆ ಕೆಡುತ್ತದಂತೆ, ಅದಕ್ಕೊಂದು ಔಷಧ ಬೆರೆಸಿದರು. ಅದು ಒಳಗೆಲ್ಲ ಹರಿಯಲೆಂದು ಕೊಳವೆಯಲ್ಲಿ ನೀರು ಕೊಟ್ಟು ಎಂಜಿನ್ ಓಡಿಸಿದರು. ಬಿಸಿ ಇರುವಾಗಲೇ ಹಳೇ ಆಯಿಲ್ ತೆಗೆದು ಹೊಸದು ತುಂಬಿದರು. ಹಳೆಯದರಲ್ಲಿ ಆಮ್ಲವೂ ತೇವವೂ ಇದ್ದು, ಸುಮ್ಮನೆ ನಿಂತರೆ ಲೋಹವನ್ನೇ ತಿನ್ನುತ್ತದಂತೆ. ಸಿಲಿಂಡರುಗಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸಿಂಪಡಿಸಿದರು.

ಆಮೇಲೆ ಮುಖ್ಯವಾದದ್ದು ನೀರು. ಈ ಎಂಜಿನ್ ಸರೋವರದ ನೀರನ್ನೇ ಎಳೆದುಕೊಂಡು ತಂಪಾಗುತ್ತದೆ. ಅದರಲ್ಲಿ ಒಂದಿಷ್ಟು ಒಳಗೇ ಉಳಿಯುತ್ತದೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಆ ಹಿಗ್ಗಿಗೆ ಎರಕದ ಕಬ್ಬಿಣವೂ ಸೀಳಿಹೋಗುತ್ತದೆ. ಸೀಳುವುದು ಚಳಿಗಾಲದಲ್ಲಿ, ಗೊತ್ತಾಗುವುದು ವಸಂತದಲ್ಲಿ.

ಅಳಿಯಂದಿರು ತಳದ ಬಿರಡೆ ತೆಗೆದರು. ಸ್ವಲ್ಪ ನೀರು ಸುರಿದು ನಿಂತಿತು. “ಖಾಲಿಯಾಯ್ತಲ್ಲ,” ಎಂದೆ. ಅವರು ಒಂದು ತಂತಿ ತೆಗೆದುಕೊಂಡು ಆ ರಂಧ್ರದಲ್ಲಿ ಕೆದಕಿದರು. ತುಕ್ಕು, ಮರಳಿನ ಒಂದು ಗಂಟು ಬಿತ್ತು. ಹಿಂದೆಯೇ ತಂಬಿಗೆಗಟ್ಟಲೆ ಕಂದು ನೀರು!

“ನಿಂತಿತು ಅಂದ ಮಾತ್ರಕ್ಕೆ ಮುಗೀತು ಅಂತ ನಂಬಬಾರದು ಅತ್ತೆ. ಒಳಗೆ ಉಳಿದದ್ದೇ ಒಡೆಯೋದು.”

ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ತುಂಬಿದ್ದು, ಬ್ಯಾಟರಿ ಬಿಚ್ಚಿ ಒಳಗೆ ತಂದದ್ದು, ಇಲಿ ಕಡಿಯದಂತೆ ಸೀಟಿನ ದಿಂಬು ತೆಗೆದದ್ದು, ಮೂತಿ ಎತ್ತರಿಸಿ ಹೊದಿಕೆ ಬಿಗಿದದ್ದು ಎಲ್ಲವನ್ನೂ ನೋಡಿದೆ. ಮನಸ್ಸು ಮಾತ್ರ ಆ “ಅತ್ತೆ” ಎಂಬ ಕರೆಯಲ್ಲೇ ಸಿಕ್ಕಿಕೊಂಡಿತ್ತು.

ಹೆಂಗಸರಿಗೆ ಇದೇನೂ ಹೊಸ ವಿದ್ಯೆಯಲ್ಲ. ರೇಷ್ಮೆ ಸೀರೆಯ ಮಡಿಕೆ ಬದಲಿಸುತ್ತೇವೆ, ಉಪ್ಪಿನಕಾಯಿ ಜಾಡಿಯ ತೇವ ಆರಿಸುತ್ತೇವೆ. ಬಳಸಿ ಹಾಳಾಗುವ ವಸ್ತುಗಳಿಗಿಂತ ಸುಮ್ಮನೆ ಇಟ್ಟು ಹಾಳಾಗುವ ವಸ್ತುಗಳೇ ಹೆಚ್ಚೆಂದು ನಮಗೆ ಗೊತ್ತು. ಗೊತ್ತಿದ್ದೂ ನಾನು ನಮ್ಮ ಅತ್ತೆಯವರ ವಿಷಯದಲ್ಲಿ ತಪ್ಪಿದೆ.

ನಲವತ್ತು ವರ್ಷ ಆ ಮನೆಯನ್ನು ನಡೆಸಿದವರು ಅವರು. ಕಣ್ಣು ಮಂಜಾಗಿ ಕಾಲು ಸೋತ ಮೇಲೆ ನಡುಮನೆಯ ಪಕ್ಕದ ಕೋಣೆಯಲ್ಲಿ ಮಂಚ ಹಾಕಿಕೊಟ್ಟೆವು. ಹೊತ್ತಿಗೆ ಸರಿಯಾಗಿ ಊಟ, ಔಷಧ. ಯಾರೂ ಬೆರಳು ತೋರಿಸುವಂತಿರಲಿಲ್ಲ. ಒಮ್ಮೆ ಅವರು, “ಸ್ವಲ್ಪ ಹತ್ತಿ ತಂದುಕೊಡೇ, ದೇವರಿಗೆ ಬತ್ತಿ ಹೊಸೀತೀನಿ,” ಎಂದರು. “ಅಂಗಡೀಲೇ ಸಿಗುತ್ತೆ ಅತ್ತೆ, ನೀವ್ಯಾಕೆ ಕಷ್ಟಪಡ್ತೀರಿ?” ಎಂದೆ. ಕರುಣೆಯಿಂದಲೇ ಅಂದದ್ದು. ಆಮೇಲೆ ಅವರು ಏನೂ ಕೇಳಲಿಲ್ಲ. ದಿನಾ “ಏನಾದರೂ ಬೇಕಾ?” ಎನ್ನುತ್ತಿದ್ದೆ, ದಿನಾ “ಏನೂ ಬೇಡಮ್ಮ” ಎನ್ನುತ್ತಿದ್ದರು. ನೀರು ನಿಂತಿತೆಂದು ನಂಬಿದೆ. ತಂತಿ ಹಾಕಿ ನೋಡಲಿಲ್ಲ.

ರಾತ್ರಿ ಊಟ ಬಡಿಸುತ್ತಾ ಅಳಿಯಂದಿರನ್ನು ಕೇಳಿದೆ: “ಈ ದೋಣೀನ ಮತ್ತೆ ನೀರಿಗೆ ಇಳಿಸೋದಿಲ್ಲ ಅಂತ ಗೊತ್ತಿದ್ದರೂ ಇಷ್ಟು ಮಾಡ್ತಿದ್ರಾ?”

ಅವರು ನಕ್ಕರು. “ಯಾರು ಮಾಡ್ತಾರೆ ಅತ್ತೆ? ಗುಜರಿಗೆ ಕೊಡೋದು.”

ಪ್ರಾಮಾಣಿಕ ಉತ್ತರ. ದೋಣಿಯ ಮಟ್ಟಿಗೆ ಸರಿಯಾದ ಉತ್ತರವೂ ಹೌದು. ಆ ಉಪಚಾರವೆಲ್ಲ ಬರಲಿರುವ ಬೇಸಿಗೆಗೆ ಕಟ್ಟಿದ ಮುಂಗಡ. ಆದರೆ ಮನುಷ್ಯರಲ್ಲಿ ಕೆಲವರಿಗೆ ಮುಂದೆ ಬೇಸಿಗೆ ಇರುವುದಿಲ್ಲ. ಮರಳಿ ಏನನ್ನೂ ಕೊಡಲಾರದವರನ್ನು ಯಾವ ಲೆಕ್ಕದಲ್ಲಿ ನೋಡಿಕೊಳ್ಳಬೇಕು? ಕರ್ತವ್ಯವೆಂದರೆ ಊಟ ಔಷಧಕ್ಕೆ ನಿಲ್ಲುತ್ತದೆ. ನಾನು ಅದನ್ನು ಚಾಚೂ ತಪ್ಪದೆ ಮಾಡಿದ್ದೆ. ಋಣವೆಂದರೂ ಅದು ಹಳೇ ಬಾಕಿಯ ತೀರುವಳಿಯೇ. ನನಗೆ ತೋರುವುದಿಷ್ಟು: ಬದುಕಿರುವವರೆಗೆ ಮನುಷ್ಯ ದಾಸ್ತಾನಿನ ಸಾಮಾನಲ್ಲ. ವಿಶ್ರಾಂತಿಯ ಹೆಸರಲ್ಲಿ ಕೈಯಿಂದ ಕೆಲಸ ಕಿತ್ತುಕೊಳ್ಳುವುದು ಉಪಚಾರವಲ್ಲ. ಹತ್ತಿ ತಂದುಕೊಡುವುದು ಉಪಚಾರ. ಆ ಬತ್ತಿ ಸೊಟ್ಟಗಾದರೂ ಉರಿಯುತ್ತಿತ್ತು.

ಪಾತ್ರೆ ತೊಳೆದು ಬರುವಷ್ಟರಲ್ಲಿ ಮಗಳು ಸೋಫಾದ ಮೇಲೆ ಮಗುವಿನ ಒಗೆದ ಬಟ್ಟೆಯ ರಾಶಿ ಹಾಕಿಕೊಂಡಿದ್ದಳು. ನನ್ನನ್ನು ನೋಡಿ, “ಸಾಕಮ್ಮ, ನೀನು ಹೋಗಿ ರೆಸ್ಟ್ ತಗೋ,” ಎಂದಳು.

“ರೆಸ್ಟ್ ಆಮೇಲೆ,” ಎಂದು ಅವಳ ಪಕ್ಕ ಕುಳಿತೆ. “ಅರ್ಧ ಬಟ್ಟೆ ಈ ಕಡೆ ತಳ್ಳು.”