ಕಾಗದ ತಲುಪಿದ್ದು ಯಾರಿಗೆ?

ಅಬ್ರಹಾಂ ಲಿಂಕನ್ ತೀರಿಕೊಂಡ ಮರುವರ್ಷ, 1866ರಲ್ಲಿ, ಅವರ ಕಾರ್ಯದರ್ಶಿಯಾಗಿದ್ದ ಜಾನ್ ಹೇ, ಲಿಂಕನ್ನರ ಹಳೆಯ ವಕೀಲಿ ಜೊತೆಗಾರ ವಿಲಿಯಂ ಹರ್ನ್‌ಡನ್‌ಗೆ ಒಂದು ಪತ್ರ ಬರೆದರು. ಅಧ್ಯಕ್ಷರಿಗೆ ಬರುತ್ತಿದ್ದ ಐವತ್ತು ಕಾಗದಗಳಲ್ಲಿ ಒಂದನ್ನೂ ಅವರು ಓದುತ್ತಿರಲಿಲ್ಲ ಎಂದು ಅದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮೊದಮೊದಲು ತೋರಿಸಲು ನೋಡಿದರಂತೆ. ಕೊನೆಗೆ ಆ ಉಸಾಬರಿಯೆಲ್ಲ ಹೇ ಪಾಲಿಗೇ ಬಂತು. ಅವರು ಬರೆದಿಟ್ಟ ಉತ್ತರಗಳಿಗೆ ಲಿಂಕನ್ ಓದದೆಯೇ ಸಹಿ ಹಾಕುತ್ತಿದ್ದರು.

ಇದನ್ನು ಓದಿದಾಗ ಮನಸ್ಸು ಮುದುಡುತ್ತದೆ. ಅಂತರ್ಯುದ್ಧಕ್ಕೆ ಮಗನನ್ನು ಕಳಿಸಿದ ತಾಯಿ ಅಧ್ಯಕ್ಷರಿಗೆಂದು ಬರೆದದ್ದು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗನ ಮೇಜಿನ ಮೇಲೆ ಬಿದ್ದು ಅಲ್ಲೇ ಮುಗಿಯಿತು. ಹಾಗಾದರೆ ಆಕೆಯ ಅಳಲನ್ನು ಕೇಳಿಸಿಕೊಂಡವರು ಯಾರು?

ಆಗ ಖಾಸಗಿ ಕಾರ್ಯದರ್ಶಿ ಎಂದು ಸಂಬಳ ಮಂಜೂರಾಗಿದ್ದದ್ದು ಜಾನ್ ನಿಕೊಲೇ ಒಬ್ಬರಿಗೆ ಮಾತ್ರ. ಹೇ ಮತ್ತು ವಿಲಿಯಂ ಸ್ಟೊಡಾರ್ಡ್ ಇಬ್ಬರನ್ನೂ ಒಳಾಡಳಿತ ಇಲಾಖೆಯ ಲೆಕ್ಕದಲ್ಲಿ ತೋರಿಸಿ ತಂದುಕೊಂಡಿದ್ದರು. (ಎರವಲು ಸೇವೆಯ ಈ ಉಪಾಯ ನಮ್ಮ ಕಚೇರಿಗಳಿಗೂ ಹೊಸದಲ್ಲ.) ಟಪಾಲು ಒಡೆಯುವುದು ಬಹುಪಾಲು ಸ್ಟೊಡಾರ್ಡ್ ಕೆಲಸ. ನೌಕರಿ ಬೇಡುವವರು, ಗುತ್ತಿಗೆದಾರರು, ಯುದ್ಧ ಗೆಲ್ಲುವ ಉಪಾಯ ಹೇಳುವವರು, ಕೊಲ್ಲುತ್ತೇವೆ ಎನ್ನುವವರು ಎಲ್ಲರೂ ಆ ಚೀಲದಲ್ಲಿದ್ದರು. ಇಲಾಖೆಗೆ ಸಂಬಂಧಿಸಿದ್ದು ಷರಾ ಸಮೇತ ಇಲಾಖೆಗೆ ಹೋಗುತ್ತಿತ್ತು. ಅಧ್ಯಕ್ಷರೇ ನೋಡಬೇಕಾದ ಕೆಲವು ಅವರ ಮೇಜಿಗೆ ಸೇರುತ್ತಿದ್ದವು. ಉಳಿದದ್ದು ಹೆಚ್ಚಿನಂಶ, ನಮ್ಮ ಸಂಪಾದಕರ ಭಾಷೆಯಲ್ಲಿ ಹೇಳುವುದಾದರೆ, ಕ.ಬು., ಅಂದರೆ ಕಸದ ಬುಟ್ಟಿ.

ಒಮ್ಮೆ ಹೀಗೆ ಒಡೆದು ಬಿಸಾಡುವುದನ್ನು ನೋಡುತ್ತ ಕುಳಿತಿದ್ದ ಹಿರಿಯರೊಬ್ಬರು, ದೇಶದ ಅಧ್ಯಕ್ಷರ ಪತ್ರಗಳಿಗೆ ಇದೇ ಏನು ಗತಿ ಎಂದು ರೇಗಿದರಂತೆ. ಸ್ಟೊಡಾರ್ಡ್ ವಾದಕ್ಕೆ ಇಳಿಯಲಿಲ್ಲ. ಎಸೆಯಲೆಂದು ತೆಗೆದಿಟ್ಟ ಕೆಲವನ್ನು ಎತ್ತಿ ಅವರ ಕೈಗೆ ಕೊಟ್ಟರು. ಬರೀ ಹೊಲಸು ಬೈಗುಳ. ಓದಿದ ಹಿರಿಯರ ಮುಖ ಕೆಂಪೇರಿತು. ಇಂಥದ್ದನ್ನು ಅವರಿಗೆ ತೋರಿಸಲೇಬೇಡಿ ಎಂಬಲ್ಲಿಗೆ ಬಂದರು. ಸ್ಟೊಡಾರ್ಡ್ ತಮ್ಮ ನೆನಪುಗಳಲ್ಲಿ ದಾಖಲಿಸಿರುವ ಈ ಘಟನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ಅಧ್ಯಕ್ಷರು ಓದಬಾರದ ವಿಷವನ್ನು ಯಾರೋ ಒಬ್ಬ ದಿನವೂ ಓದಲೇಬೇಕಿತ್ತು. ಸಂಬಳದ ಪಟ್ಟಿಯಲ್ಲಿ ಆ ಕೆಲಸಕ್ಕೆ ಹೆಸರಿಲ್ಲ.

ಹಾಗೆಂದು ವಿಂಗಡಿಸುವ ಕೈಯನ್ನು ಪೂರಾ ನಂಬಲೂ ಆಗದು. 1860ರ ಅಕ್ಟೋಬರಿನಲ್ಲಿ, ಚುನಾವಣೆ ಇನ್ನೇನು ಹತ್ತಿರವಿರುವಾಗ, ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಫೀಲ್ಡ್‌ನ ಹನ್ನೊಂದು ವರ್ಷದ ಗ್ರೇಸ್ ಬೆಡೆಲ್, ನಿಮ್ಮ ಮುಖ ತೀರಾ ಸಣ್ಣ, ಗಡ್ಡ ಬಿಡಿ ಎಂದು ಲಿಂಕನ್ನರಿಗೆ ಬರೆದಳು. ಮತ ಹಾಕುವ ವಯಸ್ಸಲ್ಲ, ಅರ್ಜಿಯಲ್ಲ, ದೂರಲ್ಲ. ಯಾವ ಚುರುಕು ಗುಮಾಸ್ತನೂ ಬದಿಗೆ ಸರಿಸುವಂಥ ಕಾಗದ. ಲಿಂಕನ್ ಕೆಲವೇ ದಿನಗಳಲ್ಲಿ ಉತ್ತರಿಸಿದರು, ಗಡ್ಡವನ್ನೂ ಬಿಟ್ಟರು. ಅಧ್ಯಕ್ಷ ಪದವಿಗೆ ಹೊರಟ ರೈಲು ಅವಳ ಊರಿನಲ್ಲಿ ನಿಂತಾಗ ಹುಡುಗಿಯನ್ನು ಕರೆಸಿ ಮಾತಾಡಿಸಿದರು. ಮುಖ್ಯ, ಅಮುಖ್ಯ ಎಂಬ ಎರಡು ಕಟ್ಟುಗಳಲ್ಲಿ ಈ ಪತ್ರವನ್ನು ಯಾವುದಕ್ಕೆ ಸೇರಿಸೋಣ?

ಕಾಗದ ಓದದ ಅದೇ ಮನುಷ್ಯ ಬಾಗಿಲಿಗೆ ಬಂದವರನ್ನು ಮಾತ್ರ ತಿರುಗಿಸಿ ಕಳಿಸುತ್ತಿರಲಿಲ್ಲ. ಭೇಟಿಗೆ ವೇಳೆ ಗೊತ್ತುಮಾಡಿ ಕಾರ್ಯದರ್ಶಿಗಳು ಕಟ್ಟಿದ ಬೇಲಿಯನ್ನು ಲಿಂಕನ್ನರೇ ಮುರಿಯುತ್ತಿದ್ದರು. ಕಾಗದಕ್ಕಿಂತ ಎದುರಿಗೆ ಹೋಗಿ ನಿಲ್ಲುವುದೇ ಮೇಲು ಎಂಬುದು ನಮ್ಮ ಜನಕ್ಕೆ ಯಾರೂ ಹೇಳಿಕೊಡದೆ ಗೊತ್ತಿದೆ. ಅಂಚೆಯಲ್ಲಿ ಹಾಕಬಹುದಾದ ಮನವಿಯನ್ನು ಕೈಯಲ್ಲಿ ಹಿಡಿದು, ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಜನತಾ ದರ್ಶನಕ್ಕೆ ಬರುತ್ತಾರಲ್ಲ, ಅದು ತಿಳಿವಳಿಕೆಯಿಲ್ಲದೆ ಅಲ್ಲ. ಕಾಗದ ಒಂದು ಸಲ ವ್ಯವಸ್ಥೆಯೊಳಗೆ ಹೊಕ್ಕರೆ ‘ಪರಿಶೀಲಿಸಿ, ನಿಯಮಾನುಸಾರ ಕ್ರಮ ಕೈಗೊಳ್ಳಿ’ ಎಂಬ ಷರಾ ಹೊತ್ತು ಮೆಟ್ಟಿಲು ಇಳಿಯುತ್ತ, ಯಾರ ಮೇಲೆ ದೂರಿತ್ತೋ ಅವರ ಮೇಜಿಗೇ ಬಂದು ಕೂರಬಹುದು ಎಂಬುದನ್ನು ಅವರು ಕಂಡಿದ್ದಾರೆ. ಆ ಷರಾ ಸಚಿವರೇ ಬರೆದದ್ದಿರಲಿ, ಆಪ್ತ ಕಾರ್ಯದರ್ಶಿ ಬರೆದದ್ದಿರಲಿ, ಬರೆಯುವಾಗ ಯಾರೂ ಆ ಕಾಗದದ ಮುಂದೆ ಒಂದು ಗಳಿಗೆ ನಿಂತಿರುವುದಿಲ್ಲ.

ನಿಂತದ್ದಕ್ಕೆ ಸಾಕ್ಷಿಯಾಗಿ ಬಿಕ್ಸ್‌ಬಿ ಪತ್ರವಿದೆ. ಐವರು ಗಂಡುಮಕ್ಕಳನ್ನು ಯುದ್ಧದಲ್ಲಿ ಕಳೆದುಕೊಂಡರೆಂದು ಕಚೇರಿಯಿಂದ ಕಚೇರಿಗೆ ದಾಟಿಬಂದ ವರದಿ ನಂಬಿ, 1864ರ ನವೆಂಬರ್ 21ರಂದು ಬಾಸ್ಟನ್ನಿನ ವಿಧವೆಯೊಬ್ಬರಿಗೆ ಲಿಂಕನ್ ಹೆಸರಿನಲ್ಲಿ ಹೋದ ಸಾಂತ್ವನ. ಕಾಳಗದಲ್ಲಿ ಸತ್ತದ್ದು ಇಬ್ಬರು ಎಂದು ಆಮೇಲೆ ತಿಳಿಯಿತು. ಬರೆದದ್ದು ಲಿಂಕನ್ ಅಲ್ಲ, ಹೇ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಮೂಲ ಪ್ರತಿ ಕಳೆದುಹೋಗಿದೆ. ಬರೆದದ್ದು ಹೇ ಅವರೇ ಆಗಿದ್ದರೂ ಅದನ್ನು ವಂಚನೆ ಎನ್ನಲು ನನಗೆ ಮನಸ್ಸು ಬಾರದು. ಆ ಕೆಲವು ಸಾಲು ಬರೆಯಲು ಯಾರೋ ಒಬ್ಬ ಆ ತಾಯಿಯ ಸಂಕಟದ ಎದುರು ಕುಳಿತಿದ್ದ. ಸಹಿಯ ಪ್ರಶ್ನೆ ಚರಿತ್ರೆಕಾರರದು, ಆಕೆಯದಲ್ಲ. ಹೇ ಅಂತೂ ತಾವು ಮತ್ತು ನಿಕೊಲೇ ಸಂಪಾದಿಸಿದ ಸಂಗ್ರಹದಲ್ಲಿ ಅದನ್ನು ಲಿಂಕನ್ ಬರಹವಾಗಿಯೇ ಸೇರಿಸಿದರು. 1898ರಲ್ಲಿ ಅವರೇ ವಿದೇಶಾಂಗ ಸಚಿವರಾದರು. ಆಗ ಅವರ ಸಹಿಗೆಂದು ಪತ್ರಗಳ ಕರಡು ಸಿದ್ಧಪಡಿಸುತ್ತಿದ್ದವರು ಇಲಾಖೆಯಲ್ಲಿ ಬೇರೆಯೇ ಇದ್ದರು.