ಹಾಸು ಮತ್ತು ಹೊಕ್ಕು

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ನಾನೂ ಎಷ್ಟೋ ಸಲ ಆಡಿದ್ದೇನೆ. ಆ ಮಾತಿನ ಭಾರ ತಿಳಿದದ್ದು ಮಾತ್ರ ಬ್ಯಾಡಗಿಯ ಒಂದು ಮದುವೆಮನೆಯಲ್ಲಿ.

ರಾಣೆಬೆನ್ನೂರಿನಿಂದ ನಾವು ನಾಲ್ಕು ಜನ ಹೆಂಗಸರು ಹಿಂದಿನ ದಿನವೇ ಹೋಗಿದ್ದೆವು. ರಾತ್ರಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತಾಗ ಹಿರಿಯಳೊಬ್ಬಳು ಮೊಮ್ಮಗನ ಮಾತು ತೆಗೆದಳು. ಕೂಸಿಗೆ ಥಲಸ್ಸೇಮಿಯಾ, ತಿಂಗಳಿಗೊಮ್ಮೆ ರಕ್ತ ಹಾಕಿಸಬೇಕು. “ನಮ್ಮ ಮನಿತನದಾಗ ಇಂಥಾದ್ದು ಇರಲಿಲ್ಲವ್ವಾ. ಅಕಿ ಹೊಟ್ಟ್ಯಾಗಿಂದ ಬಂದೈತಿ” ಅಂದಳು. ಸೊಸೆ ಅಲ್ಲೇ ಒಲೆಯ ಮುಂದಿದ್ದಳು. ನಾನು ತಲೆ ಎತ್ತಲಿಲ್ಲ.

ಮಾತಾಡಿದವಳು ಹಾವೇರಿಯ ನನ್ನ ಗೆಳತಿ. ಬಿಳಿಗಿರಿರಂಗನ ಬೆಟ್ಟದ ಕಡೆ ನರ್ಸ್ ಆಗಿದ್ದವಳು. “ದೊಡ್ಡವ್ವಾ, ನಿಮ್ಮ ಸೊಸಿ ಯಾರ ಮಗಳ್ರಿ?”

“ನನ್ನ ತಮ್ಮನ ಮಗಳು.”

“ಹಂಗಾರ ನಿಮ್ಮ ತವರಮನಿ ರಕ್ತನ ಆತಲ್ರಿ. ನಿಮ್ಮ ಮಗನ ಮೈಯಾಗೂ ಅದ ಹರೀತೈತಿ.”

ಮುದುಕಿಯ ಕೈ ನಿಂತಿತು. “ಹಂಗಾರ ನಾನ ಕೊಟ್ಟೆನೇನು?” ಎಂದು ಕೇಳಿದ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ಗೆಳತಿ ಸೋಲಿಗರ ಹಾಡಿಗಳಲ್ಲಿ ಕಂಡ ಇಂಥದೇ ಇನ್ನೊಂದು ಬೇನೆಯ ಕಥೆ ಹೇಳಿದಳು. ಸಿಕಲ್ ಸೆಲ್ ಅನೀಮಿಯಾ. ದುಂಡಗಿರಬೇಕಾದ ಕೆಂಪುಕಣ ಕುಡಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎಲುಬು ಮುರಿದಂಥ ನೋವು. 120 ದಿನ ಬಾಳುವ ಕಣ 10–20 ದಿನಕ್ಕೇ ಸಾಯುತ್ತದೆ. ಈ ಗುಣ ತಾಯಿತಂದೆಯರಲ್ಲಿ ಒಬ್ಬರಿಂದ ಮಾತ್ರ ಬಂದರೆ ಮಗು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಮಲೇರಿಯಾ ವಿಷಮಿಸದಂತೆ ಅದೇ ಕಾಪಾಡುತ್ತದೆ ಕೂಡ. ಇಬ್ಬರಿಂದಲೂ ಬಂದರೆ ಬೇನೆ. ಗಂಡಹೆಂಡಿರಿಬ್ಬರೂ ಅದನ್ನು ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಆ ಭಯವಿದೆ. ಥಲಸ್ಸೇಮಿಯಾದ ಲೆಕ್ಕವೂ ಇದೇ.

ಅಂದರೆ ತಪ್ಪು ಯಾರದು? ತಿಳಿಯದೆ ಕೊಟ್ಟದ್ದು ತಪ್ಪಲ್ಲ. ಆ ಮುದುಕಿಗೂ ಅವಳ ತಾಯಿಯೋ ತಂದೆಯೋ ಕೊಟ್ಟದ್ದೇ. ಆದರೆ ತಿಳಿದಮೇಲೂ ಮುಚ್ಚಿಟ್ಟರೆ? ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂದವರು ನಾವು. 2023ರ ಜುಲೈ 1ರಂದು ಕೇಂದ್ರ ಸರಕಾರ 2047ರೊಳಗೆ ಸಿಕಲ್ ಸೆಲ್ ಇಲ್ಲವಾಗಿಸುವ ಅಭಿಯಾನ ಆರಂಭಿಸಿತು. ಪರೀಕ್ಷೆಯಾದವರಿಗೆ ಕಾರ್ಡು ಕೊಡುತ್ತಾರೆ. ಆ ಕಾರ್ಡು ಜಾತಕದ ಜೊತೆ ಹೊರಗೆ ಬರುತ್ತದೋ, ಟ್ರಂಕಿನ ತಳ ಸೇರುತ್ತದೋ, ಅದು ಸರಕಾರದ ಕೈಯಲ್ಲಿಲ್ಲ.

ನನಗೂ ಮದುವೆಗೆ ಬಂದ ಮಗಳಿದ್ದಾಳೆ. ಸೋದರಮಾವನ ಮನೆಯಿಂದಲೇ ಕೇಳುತ್ತಿದ್ದಾರೆ. ಸಾಮಾನ್ಯ ಎಚ್.ಬಿ. ಪರೀಕ್ಷೆಯಲ್ಲಿ ಈ ಗುಣ ತಿಳಿಯದು. ಹಿಮೋಗ್ಲೋಬಿನ್ನಿನ ಬಗೆ ನೋಡುವ ಪರೀಕ್ಷೆ ಬೇರೆ ಇದೆ. ಇಬ್ಬರಿಗೂ ಮಾಡಿಸೋಣವೆಂದು ನಮ್ಮ ವೈನಿಗೆ ಹೇಳಬೇಕು. “ನಮ್ಮ ಹುಡುಗನ ಮ್ಯಾಲೆ ಸಂಶಯ ಏನು?” ಎಂದು ಆಕೆ ಕೇಳಿಯೇ ಕೇಳುತ್ತಾಳೆ. ಸಂಬಂಧ ಕೆಟ್ಟೀತೆಂಬ ಅಂಜಿಕೆ ನನಗಿಲ್ಲದಿಲ್ಲ. ಆದರೆ ಒಲೆಯ ಮುಂದೆ ತಲೆ ತಗ್ಗಿಸಿದ್ದ ಆ ಹುಡುಗಿಯ ಎದುರು ಒಮ್ಮೆ ಸುಮ್ಮನಿದ್ದೆ. ಇನ್ನೊಮ್ಮೆ ಸುಮ್ಮನಿರಲಾರೆ.

ಬರಿಯ ಹಾಸಿನಿಂದಾಗಲಿ ಬರಿಯ ಹೊಕ್ಕಿನಿಂದಾಗಲಿ ಸೀರೆಯಾಗದು. ಇದು ತುಮ್ಮಿನಕಟ್ಟಿಯ ಯಾವ ನೇಕಾರನಿಗೂ ಗೊತ್ತು. ಗಾದೆ ಕಟ್ಟಿದವರಿಗೆ ಮರೆತಿತ್ತೇನೋ.