ಕ್ಲೆಬೆಲ್ಸ್‌ಬರ್ಗೈಟ್ ಮತ್ತು ಕಾರ್ಯಕಾರಣದ ಪ್ರಶ್ನೆ

ಕಾರ್ಯವು ಹುಟ್ಟುವ ಮೊದಲೇ ತನ್ನ ಕಾರಣದಲ್ಲಿ ಅವ್ಯಕ್ತವಾಗಿ ಇರುತ್ತದೆಂಬುದು ಸಾಂಖ್ಯರ ಸತ್ಕಾರ್ಯವಾದ. ಇರುವುದಿಲ್ಲ, ಅವಯವಗಳು ಕೂಡಿದಾಗ ಹೊಸತೊಂದು ದ್ರವ್ಯವೇ ಆರಂಭವಾಗುತ್ತದೆಂಬುದು ನ್ಯಾಯ-ವೈಶೇಷಿಕರ ಆರಂಭವಾದ. ಮಡಕೆ, ಮೊಸರುಗಳ ಹಳೆಯ ಉದಾಹರಣೆಗಳನ್ನು ಬದಿಗಿಟ್ಟು ಈ ವಿವಾದವನ್ನು ಒಂದು ವಿರಳ ಖನಿಜದ ಮೇಲೆ ಪರೀಕ್ಷಿಸಬಹುದು.

ರೊಮೇನಿಯದ ಬಾಯಾ ಸ್ಪ್ರಿಯೆ ಗಣಿಯ ಮಾದರಿಗಳಿಂದ 1929ರಲ್ಲಿ ವರ್ಣಿತವಾಗಿ, ಹಂಗೇರಿಯ ಸಚಿವ ಕುನೊ ಕ್ಲೆಬೆಲ್ಸ್‌ಬರ್ಗ್ ಅವರ ಹೆಸರು ಪಡೆದ ಕ್ಲೆಬೆಲ್ಸ್‌ಬರ್ಗೈಟ್, ಆಂಟಿಮನಿ ಸಲ್ಫೇಟ್ ಖನಿಜಗಳಲ್ಲೊಂದು. ಇಟಲಿಯ ಟಸ್ಕನಿ ಪ್ರಾಂತದ ಪೆರೆಟಾದಲ್ಲಿಯೂ ಅದು ದೊರೆತಿದೆ. ಆಂಟಿಮನಿ ಮತ್ತು ಗಂಧಕಗಳ ಸಂಯುಕ್ತವಾದ ಸ್ಟಿಬ್ನೈಟ್ ಅದಿರು ಗಾಳಿ, ನೀರುಗಳ ಸಂಪರ್ಕದಲ್ಲಿ ಉತ್ಕರ್ಷಣಗೊಂಡಾಗ, ಅಂದರೆ ಆಮ್ಲಜನಕದೊಡನೆ ವರ್ತಿಸಿದಾಗ, ಅದರ ಸೀಸಬೂದು ಲೋಹಕಾಂತಿ ಅಳಿದು ಈ ಖನಿಜದ ತಿಳಿಹಳದಿಯ ಸೂಕ್ಷ್ಮ ಹರಳುಗಳು ಮೂಡುತ್ತವೆ.

ಆಂಟಿಮನಿ ಉಳಿಯಿತೆಂದು ಸಾಂಖ್ಯರು ಈ ಬದಲಾವಣೆಯನ್ನು ಪರಿಣಾಮ, ಅಂದರೆ ಕಾರಣವೇ ಪಡೆದ ರೂಪಾಂತರ, ಎನ್ನಬಹುದಾದರೂ, ಸಲ್ಫೇಟಿನ ಆಮ್ಲಜನಕವು ಹೊರಗಿನಿಂದ ಬಂದದ್ದರಿಂದ, ಅದಿರೊಂದರಲ್ಲೇ ಕಾರ್ಯವು ಅಡಗಿತ್ತೆಂಬ ಮಾತು ನಿಲ್ಲುವುದಿಲ್ಲ. ಕಾರಣವನ್ನು ಇಡೀ ಪ್ರಕೃತಿಗೆ ಹಿಗ್ಗಿಸಿದರೆ ವಾದ ಉಳಿಯುತ್ತದೆ, ಆದರೆ ಈ ಖನಿಜವನ್ನು ಕುರಿತು ಏನನ್ನೂ ಹೇಳುವುದಿಲ್ಲ. ವೈಶೇಷಿಕರಿಗೂ ತೊಡಕು ಇಲ್ಲದಿಲ್ಲ: ಭಿನ್ನ ಜಾತಿಯ ಪರಮಾಣುಗಳು ಸೇರಿ ಒಂದೇ ದ್ರವ್ಯವನ್ನು ಆರಂಭಿಸಲಾರವೆಂಬುದು ಅವರ ನಿಯಮ, ಈ ಹರಳಿನಲ್ಲಿಯೋ ಆಂಟಿಮನಿ, ಗಂಧಕ, ಆಮ್ಲಜನಕ, ಜಲಜನಕಗಳು ಏಕರಚನೆಯಾಗಿವೆ. ಆ ನಿಯಮವನ್ನು ಬಿಟ್ಟುಕೊಟ್ಟ ಆರಂಭವಾದವೇ ಇಲ್ಲಿ ಹೆಚ್ಚು ಸಮರ್ಥವಾದ ವಿವರಣೆ.